ಚರಾಸ್ತಿಯ ಯಜಮಾನರು

ಆಸ್ತಿಯನ್ನು ಸ್ಥಿರ ಮತ್ತು ಚರ ಎಂದು ವಿಂಗಡಿಸಿ, ಮನೆ, ಹೊಲ, ತೋಟಗಳನ್ನು ಮೊದಲನೆಯದಕ್ಕೂ ಒಡವೆ, ದನ, ಗಾಡಿಗಳನ್ನು ಎರಡನೆಯದಕ್ಕೂ ಸೇರಿಸುವುದು ದಾಖಲೆಪತ್ರಗಳ ಹಳೆಯ ರೂಢಿಯಾಗಿದ್ದು, ಅಮೆರಿಕದಲ್ಲಿ ನಿವೃತ್ತಿಯ ವಯಸ್ಸು ದಾಟಿದ ಒಂದು ವರ್ಗದ ಜನ ಈ ವಿಂಗಡಣೆಯನ್ನೇ ಕಲಸಿಬಿಟ್ಟಿದ್ದಾರೆ. ಮೂವತ್ತು ವರ್ಷ ಕಂತು ಕಟ್ಟಿ ಸಾಲ ತೀರಿಸಿದ ಮನೆಯನ್ನು ಮಾರಿ, ಆ ಹಣದಲ್ಲಿ ಚಕ್ರಗಳುಳ್ಳ ಇನ್ನೊಂದು ಮನೆಯನ್ನು ಕೊಂಡು, ಅಡಿಗೆ, ಸ್ನಾನ, ನಿದ್ದೆ, ಜಗಳಗಳನ್ನೆಲ್ಲ ಅದರಲ್ಲೇ ನಡೆಸುತ್ತ ಇವರು ದೇಶ ಸುತ್ತುತ್ತಾರೆ. ಇಂಥ ವಾಹನಕ್ಕೆ 'ರಿಕ್ರಿಯೇಷನಲ್ ವೆಹಿಕಲ್', ಅಂದರೆ ವಿಹಾರದ ವಾಹನ, ಎಂಬುದು ಪೂರ್ಣ ಹೆಸರು. ಆಡುಮಾತಿನಲ್ಲಿ ಅದು ಬರೀ ಆರ್‌ವಿ. ವರ್ಷದ ಹನ್ನೆರಡು ತಿಂಗಳೂ ಅದರಲ್ಲೇ ಇರುವವರಿಗೆ 'ಫುಲ್‌ಟೈಮರ್' ಎಂಬ ಬಿರುದಿದೆ. ತಾವು ಬಿಟ್ಟುಬಂದ ಮನೆಯನ್ನು ಅವರು 'ಸ್ಟಿಕ್ಸ್ ಅಂಡ್ ಬ್ರಿಕ್ಸ್', ಎಂದರೆ ಕಡ್ಡಿ-ಇಟ್ಟಿಗೆ, ಎಂದು ಕರೆಯುವಾಗಿನ ದನಿಯಲ್ಲಿ ಸಂಸಾರ ತೊರೆದವರ ಗತ್ತು ಇಣುಕುತ್ತದೆ.

ಮೇಲ್ನೋಟಕ್ಕೆ ಇದು ವಾನಪ್ರಸ್ಥವೇ ಸರಿ. ಮಕ್ಕಳು ದಡ ಸೇರಿದ ಮೇಲೆ ಗಂಡಹೆಂಡಿರಿಬ್ಬರೂ ಮನೆ ಬಿಟ್ಟು ಕಾಡು, ಬೆಟ್ಟ, ನದೀತೀರಗಳತ್ತ ಹೊರಡುವುದು ಆ ಆಶ್ರಮದ ಲಕ್ಷಣ. ಆದರೆ ರೆಫ್ರಿಜರೇಟರ್, ಬಟ್ಟೆ ಒಗೆಯುವ ಯಂತ್ರ, ಎರಡು ಟಿವಿ, ಇಬ್ಬರು ಮಲಗುವ ಹಾಸಿಗೆ, ಮಡಚುವ ಆರು ಕುರ್ಚಿ ಮತ್ತು ಒಂದು ನಾಯಿಯನ್ನು ಕಟ್ಟಿಕೊಂಡು ವಾನಪ್ರಸ್ಥಕ್ಕೆ ಹೋದವರ ಉದಾಹರಣೆ ಪುರಾಣಗಳಲ್ಲಿ ಸಿಗುವುದಿಲ್ಲ. ನಾಯಿಯೊಂದಕ್ಕೆ ಮಾತ್ರ ಧರ್ಮರಾಯನ ಆಧಾರವಿದೆ. ಈ ಜನರನ್ನು ಹತ್ತಿರದಿಂದ ಗಮನಿಸಿದರೆ ತಿಳಿಯುವುದೇನೆಂದರೆ, ಮನೆಯ ಕಾಟ ಬೇಡವೆಂದು ಮನೆ ಮಾರಿದ ಇವರು ಎಚ್ಚರವಾಗಿರುವ ಹೊತ್ತಿನ ಬಹುಪಾಲನ್ನು ಮನೆಯ ಕೆಲಸದಲ್ಲೇ ಕಳೆಯುತ್ತಾರೆ, ಮತ್ತು ಆ ಚಕ್ರದ ಮನೆ ನಿಂತಲ್ಲಿಂದ ಒಂದಂಗುಲವೂ ಕದಲದ ದಿನವೇ ಇವರ ಪಾಲಿನ ಅತ್ಯಂತ ಸುಖದ ದಿನ.

ಇದು ಹೊಸ ಹುಚ್ಚೇನೂ ಅಲ್ಲ. ಕಾರಿನ ಹಿಂದೆ ಡೇರೆ ಕಟ್ಟಿಕೊಂಡು ಅಲೆಯುತ್ತಿದ್ದವರು 1919ರಲ್ಲೇ ಫ್ಲಾರಿಡಾದ ಟ್ಯಾಂಪಾದಲ್ಲಿ ಸೇರಿ 'ಟಿನ್ ಕ್ಯಾನ್ ಟೂರಿಸ್ಟ್ಸ್', ಅಂದರೆ ತಗಡಿನ ಡಬ್ಬಿಯ ಪ್ರವಾಸಿಗರು, ಎಂಬ ಸಂಘ ಕಟ್ಟಿಕೊಂಡಿದ್ದರು; ಕಾರಿನ ರೇಡಿಯೇಟರ್ ಮುಚ್ಚಳಕ್ಕೆ ಬೆಸೆದ ಒಂದು ಖಾಲಿ ಡಬ್ಬಿಯೇ ಅವರ ಲಾಂಛನವಾಗಿತ್ತು. 1962ರಲ್ಲಿ ಮೊಂಟಾನಾದ ಬಿಲ್ಲಿಂಗ್ಸ್ ಊರಿನಲ್ಲಿ ಕೆಓಎ ಎಂಬ ತಂಗುದಾಣಗಳ ಸರಪಳಿ ಆರಂಭವಾಯಿತು, 1966ರಿಂದ ಅಯೋವಾದ ವಿನ್ನೆಬೇಗೊ ಕಾರ್ಖಾನೆ ಮೋಟಾರು ಮನೆಗಳನ್ನು ಸಾಲುಸಾಲಾಗಿ ಹೊರಬಿಡತೊಡಗಿತು, ಅಲ್ಲಿಂದ ಮುಂದೆ ಅಲೆಮಾರಿತನಕ್ಕೂ ಕಂತು ಕಟ್ಟುವ ಕಾಲ ಬಂದಿತು.

ಈ ವರ್ಗದ ಮಾದರಿ ವ್ಯಕ್ತಿಯನ್ನು, ಅವರ ವಯಸ್ಸಿಗೆ ಗೌರವ ಕೊಟ್ಟು, ಯಜಮಾನರು ಎಂದೂ ಅವರ ಪತ್ನಿಯನ್ನು ಯಜಮಾನಿತಿ ಎಂದೂ ಕರೆಯುವುದು ಸೂಕ್ತ. ಅವರನ್ನು ಅವರ ಸಹಜ ಪರಿಸರದಲ್ಲಿ ಕಾಣಬೇಕಾದರೆ ಬೇಸಿಗೆಯಲ್ಲಿ ಸೌತ್ ಡಕೋಟಾ ರಾಜ್ಯದ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳ ನಡುವಿನ ಕಸ್ಟರ್ ಎಂಬ ಪುಟ್ಟ ಊರಿಗೆ ಹೋಗಬೇಕು. ಆ ರಾಜ್ಯದ ಮೇಲೆ ಫುಲ್‌ಟೈಮರುಗಳಿಗೆ ವಿಶೇಷ ಮಮತೆಯಿರುವುದಕ್ಕೆ ಪ್ರಕೃತಿ ಸೌಂದರ್ಯ ಎರಡನೆಯ ಕಾರಣ. ಮೊದಲನೆಯದು, ಅಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ. ಜೊತೆಗೆ, ಟಪಾಲು ಸ್ವೀಕರಿಸುವ ಖಾಸಗಿ ಸಂಸ್ಥೆಯೊಂದರಲ್ಲಿ ಅಂಚೆಪೆಟ್ಟಿಗೆ ಹಿಡಿದು, ಒಂದು ರಾತ್ರಿ ರಾಜ್ಯದಲ್ಲಿ ತಂಗಿದ ರಸೀದಿ ತೋರಿಸಿ, ಅಲ್ಲಿನ ನಿವಾಸಿಯೆಂದು ವಾಹನ ಚಾಲನೆಯ ಲೈಸೆನ್ಸ್ ಪಡೆಯುವ ಅನುಕೂಲವನ್ನು ಅಲೆಮಾರಿಗಳಿಗೆ ಆ ರಾಜ್ಯ ಒದಗಿಸಿಕೊಟ್ಟಿದೆ. ಹೀಗಾಗಿ ಎಂದೂ ಬೇರು ಬಿಡದ ಸಾವಿರಾರು ಜನರ ಕಾಯಂ ವಿಳಾಸ ಅಲ್ಲಿನ ಗೂಡುಪೆಟ್ಟಿಗೆಗಳಲ್ಲಿದೆ. ಐದು ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಿಸಲು ಬರುವುದು ಅವರ ಮಟ್ಟಿಗೆ ಊರಹಬ್ಬಕ್ಕೆ ಬಂದಂತೆ.

ಯಜಮಾನರ ವಾಹನ 'ಕ್ಲಾಸ್ ಎ' ಎಂಬ ದರ್ಜೆಗೆ ಸೇರಿದ್ದು. ಬಸ್ಸಿನ ಆಕಾರದ ಈ ದರ್ಜೆಯ ವಾಹನಗಳು 45 ಅಡಿಯವರೆಗೂ ಉದ್ದವಿರುತ್ತವೆ, ಅಗಲ ಎಂಟೂವರೆ ಅಡಿ, ಎತ್ತರ ಹನ್ನೆರಡು ಹದಿಮೂರು ಅಡಿ, ಲೀಟರಿಗೆ ಮೂರು ಕಿಲೋಮೀಟರ್ ಓಡಿದರೆ ಆ ದಿನ ಗಾಳಿ ಬೆನ್ನಿಗಿತ್ತೆಂದು ತಿಳಿಯಬೇಕು. ನಿಂತ ಮೇಲೆ ಗುಂಡಿಯೊತ್ತಿದರೆ ಅದರ ಗೋಡೆಗಳು ಮೇಜಿನ ಖಾನೆಯಂತೆ ಹೊರಕ್ಕೆ ಸರಿದು ಹಜಾರ ಅಗಲವಾಗುತ್ತದೆ. ಪಕ್ಕದ ಮೈಮೇಲೆ ಅಮೆರಿಕದ ಭೂಪಟವೊಂದನ್ನು ಅಂಟಿಸಿ, ತಾವು ಕಂಡ ರಾಜ್ಯಗಳಿಗೆ ಮಾತ್ರ ಬಣ್ಣದ ಚೀಟಿ ಹಚ್ಚಿರುತ್ತಾರೆ. ಹಾದುಹೋದರೆ ಸಾಲದು, ಒಂದು ರಾತ್ರಿಯಾದರೂ ಮಲಗಿರಬೇಕು ಎಂಬುದು ಯಜಮಾನರ ನಿಯಮ. ಊಟ ಮಾಡಿದ್ದರೂ ಲೆಕ್ಕಕ್ಕೆ ಬರಬೇಕು ಎಂಬುದು ಯಜಮಾನಿತಿಯ ವಾದ. ಡೆಲವೇರ್ ಇನ್ನೂ ಬಣ್ಣವಿಲ್ಲದೆ ಉಳಿದಿರುವುದಕ್ಕೆ ಈ ವ್ಯಾಜ್ಯವೇ ಕಾರಣ.

ಬಸ್ಸು ನಿಲ್ಲುವ ಜಾಗಕ್ಕೆ ಅಲ್ಲಿಯೂ 'ಸೈಟು' ಎಂದೇ ಹೆಸರು, ಮತ್ತು ಅದರ ಬಗ್ಗೆ ನಡೆಯುವ ಚರ್ಚೆ ಬೆಂಗಳೂರಿನವರ ಸೈಟಿನ ಚರ್ಚೆಗಿಂತ ಕಡಿಮೆಯದಲ್ಲ: ಮೂಲೆಯ ಸೈಟೇ, ನೆರಳಿದೆಯೇ, ಬಚ್ಚಲುಮನೆಗಳ ಕಟ್ಟಡ ಎಷ್ಟು ದೂರ, ನೀರು, ವಿದ್ಯುತ್ತು ಮತ್ತು ಚರಂಡಿ ಎಂಬ ಮೂರೂ ಸಂಪರ್ಕಗಳುಳ್ಳ 'ಫುಲ್ ಹುಕಪ್' ಹೌದೇ. ಈ ಮೂರೂ ಇಲ್ಲದೆ ಬಯಲಿನಲ್ಲಿ ನಿಲ್ಲುವುದನ್ನು 'ಬೂನ್‌ಡಾಕಿಂಗ್' ಎನ್ನುತ್ತಾರೆ. ಫಿಲಿಪ್ಪೀನ್ಸಿನ ಟಗಾಲೊಗ್ ಭಾಷೆಯಲ್ಲಿ ಬೆಟ್ಟ ಎಂಬರ್ಥದ ಪದವನ್ನು ಅಮೆರಿಕದ ಸೈನಿಕರು ಹೊತ್ತು ತಂದು ಹೀಗೆ ಮಾಡಿದ್ದಾರೆ. ಯಜಮಾನರು ಬೂನ್‌ಡಾಕಿಂಗನ್ನು ಬಾಯಿತುಂಬ ಹೊಗಳುತ್ತಾರೆ, ತಂಗುವುದು ಫುಲ್ ಹುಕಪ್ಪಿನಲ್ಲಿ.

ಅಂಥ ಸೈಟಿನಲ್ಲಿ ಬೆಳಗಾಗುವುದು ತೀರ್ಥದಿಂದಲ್ಲ, ಚರಂಡಿಯಿಂದ. ಆರ್‌ವಿಯ ಹೊಟ್ಟೆಯಲ್ಲಿ ಎರಡು ತೊಟ್ಟಿಗಳಿರುತ್ತವೆ. ಶೌಚದ್ದು ಕಪ್ಪು ತೊಟ್ಟಿ, ಸ್ನಾನ ಮತ್ತು ಪಾತ್ರೆಗಳ ನೀರಿನದು ಬೂದು ತೊಟ್ಟಿ. ಮೊದಲು ಕಪ್ಪನ್ನು ಖಾಲಿ ಮಾಡಿ, ಆಮೇಲೆ ಬೂದನ್ನು ಬಿಟ್ಟರೆ ಸಾಬೂನಿನ ನೀರು ಕೊಳವೆಯನ್ನು ತೊಳೆದುಕೊಂಡು ಹೋಗುತ್ತದೆ ಎಂಬುದು ಈ ಶಾಸ್ತ್ರದ ಮೊದಲ ಸೂತ್ರ. ಅದನ್ನು ತಿರುವುಮುರುವು ಮಾಡಿದ ಹೊಸಬನ ಕತೆಯನ್ನು ತಂಗುದಾಣದಲ್ಲಿ ಒಂದು ವಾರವಾದರೂ ಹೇಳಿಕೊಳ್ಳುತ್ತಾರೆ. ಆಟಿಕೆಯ ಸ್ಪ್ರಿಂಗಿನಂತೆ ಹಿಗ್ಗುವ ಆ ಕೊಳವೆಗೆ 'ಸ್ಟಿಂಕಿ ಸ್ಲಿಂಕಿ', ಅಂದರೆ ನಾರುವ ಸುರುಳಿ, ಎಂದು ಹೆಸರು. ಯಜಮಾನರು ನೀಲಿ ಕೈಗವಸು ತೊಟ್ಟು, ಮಂಡಿಯೂರಿ, ಸುರುಳಿಯನ್ನು ನೆಲದ ತೂತಿಗೆ ಜೋಡಿಸಿ, ಹಿಡಿಕೆಯನ್ನು ಎಳೆದು, ಕೊಳವೆಯ ಮೊಣಕೈಯಲ್ಲಿರುವ ಪಾರದರ್ಶಕ ತುಂಡಿನೊಳಗೆ ಹರಿವು ತಿಳಿಯಾಗುವುದನ್ನು, ತುಪ್ಪ ಕಾಯಿಸುವವರು ಬೋಗುಣಿಯನ್ನು ನೋಡುವ ಏಕಾಗ್ರತೆಯಿಂದ, ನೋಡುತ್ತ ಕೂರುತ್ತಾರೆ. ಕುಡಿಯುವ ನೀರಿನ ಬಿಳಿ ಕೊಳವೆಯೇ ಬೇರೆ, ತೊಟ್ಟಿ ತೊಳೆಯುವ ಕೊಳವೆಯ ಬಣ್ಣವೇ ಬೇರೆ. ಒಂದು ಇನ್ನೊಂದನ್ನು ಮುಟ್ಟಬಾರದು, ಒಂದೇ ಖಾನೆಯಲ್ಲಿ ಇಡಲೂಬಾರದು. ಮಡಿಯುಟ್ಟ ಅಜ್ಜಿಯರು ಇದನ್ನು ಕಂಡಿದ್ದರೆ ಅಮೆರಿಕದವರ ಬಗ್ಗೆ ತಮ್ಮ ಅಭಿಪ್ರಾಯವನ್ನು ತಿದ್ದಿಕೊಳ್ಳುತ್ತಿದ್ದರು. ಆ ಹೊತ್ತಿಗೆ ಪಕ್ಕದ ಸೈಟಿನ ಗೃಹಸ್ಥರು ಕಾಫಿ ಲೋಟ ಹಿಡಿದು ಬಂದು ನಿಂತು, ಹಿಡಿಕೆಗೆ ಯಾವ ಎಣ್ಣೆ ಸವರಬೇಕೆಂದು ಸಲಹೆ ಕೊಡುತ್ತಾರೆ. ಎಷ್ಟೋ ಗಾಢ ಸ್ನೇಹಗಳು ಹುಟ್ಟಿರುವುದು ಈ ತೂತಿನ ಬಳಿಯೇ.

ರೆಫ್ರಿಜರೇಟರಿನ ಬಾಗಿಲಿಗೆ ಆಯಸ್ಕಾಂತದ ಬಿಲ್ಲೆಯೊಂದು ಕಚ್ಚಿ ಹಿಡಿದಿರುವ ಚೀಟಿಯಲ್ಲಿ ಆ ದಿನದ ಕಾರ್ಯಕ್ರಮಗಳಿರುತ್ತವೆ: ಲೈಸೆನ್ಸ್ ನವೀಕರಣ, ಕಲ್ಲಿನ ಮುಖಗಳು, ಸುರಂಗ, ಕತ್ತೆ, ಹಾರ್ಡ್‌ವೇರ್ ಅಂಗಡಿ, ಪೈ. ಒಂಬತ್ತಕ್ಕೆ ಹೊರಡುವುದೆಂದು ಯಜಮಾನಿತಿಯ ಕೈಬರಹದಲ್ಲಿ ಸ್ಪಷ್ಟವಾಗಿ ಬರೆದಿದ್ದರೂ, ರಾತ್ರಿಯ ಮಳೆಗೆ ನೆಲ ಕುಸಿದು ಬಸ್ಸು ಎಡಕ್ಕೆ ಒಂದಿಷ್ಟು ವಾಲಿರಬಹುದೆಂಬ ಅನುಮಾನ ಯಜಮಾನರಿಗೆ ಬರುತ್ತದೆ. ಈ ವಾಹನಗಳಲ್ಲಿನ ಕೆಲವು ಬಗೆಯ ರೆಫ್ರಿಜರೇಟರುಗಳು ಮಟ್ಟವಾಗಿ ನಿಲ್ಲದಿದ್ದರೆ ಕೆಡುವುದು ನಿಜವಾದ್ದರಿಂದ, ಅವರು ಗಾರೆ ಕೆಲಸದವರಂತೆ ರಸಮಟ್ಟ ಹಿಡಿದು ಒಳಗೆ ನಾಲ್ಕು ಕಡೆ, ಹೊರಗೆ ನಾಲ್ಕು ಕಡೆ ಪರೀಕ್ಷಿಸುತ್ತಾರೆ. ಗುಳ್ಳೆ ನಟ್ಟನಡುವೆ ನಿಂತಿರುತ್ತದೆ. ಗಂಟೆ ಹನ್ನೊಂದಾಗಿರುತ್ತದೆ.

ಮನೆಯನ್ನೇ ತಂದಿದ್ದೇನೋ ನಿಜ, ಆದರೆ ತರಕಾರಿ ತರಲು ಮನೆಯಲ್ಲಿ ಕುಳಿತು ಹೋಗುವಂತಿಲ್ಲ. ಕಿತ್ತ ಕೊಳವೆ, ಒಳಸರಿಸಿದ ಗೋಡೆ, ಕಟ್ಟಿಹಾಕಿದ ಬೀರುಗಳೊಂದಿಗೆ 45 ಅಡಿಯ ಬಸ್ಸನ್ನು ಹೊರಡಿಸಲು ಒಂದು ಗಂಟೆ, ಊರೊಳಗೆ ನಿಲ್ಲಿಸಲು ಜಾಗ ಹುಡುಕಲು ಇನ್ನೊಂದು ಗಂಟೆ. ಆದ್ದರಿಂದ ಬಸ್ಸಿನ ಬೆನ್ನಿಗೆ ಒಂದು ಸಣ್ಣ ಕಾರನ್ನು ನಾಲ್ಕು ಚಕ್ರಗಳೂ ನೆಲದ ಮೇಲಿರುವಂತೆ ಕಟ್ಟಿ ಎಳೆದು ತರುವುದು ರೂಢಿ. ಎಳೆಸಿಕೊಂಡದ್ದು ಎಂಬರ್ಥದ ಇಂಗ್ಲಿಷ್ ಮಾತು ಕಪ್ಪೆಯ ಹೆಸರಾದ 'ಟೋಡ್' ಎಂಬಂತೆಯೇ ಕೇಳಿಸುವುದರಿಂದ ಆ ಕಾರಿಗೆ ಕಪ್ಪೆಯೆಂದೇ ಹೆಸರು ಬಿದ್ದಿದೆ. ದೇಶ ಸುತ್ತಲು ಮನೆ, ಊರು ಸುತ್ತಲು ಕಪ್ಪೆ. ಸಾವಿರಾರು ಮೈಲಿ ಬಂದುದರ ಸಾರ್ಥಕ್ಯವೆಲ್ಲ ಈ ಕಪ್ಪೆಯ ಸಣ್ಣಪುಟ್ಟ ನೆಗೆತಗಳಲ್ಲೇ ಇದೆ.

ಲೈಸೆನ್ಸ್ ಕಚೇರಿ ಇರುವ ರ‍್ಯಾಪಿಡ್ ಸಿಟಿ ಸುಮಾರು 40 ಮೈಲಿ ದೂರ. ಹನ್ನೊಂದಕ್ಕೆ ಹೊರಟು ಅಲ್ಲಿ ಮುಟ್ಟುವ ಹೊತ್ತಿಗೆ ಊಟದ ವೇಳೆಯ ಜನಸಂದಣಿಯಿರುತ್ತದೆ ಎಂಬ ತರ್ಕದ ಮೇಲೆ ಚೀಟಿಯ ಮೊದಲ ಬಾಬ್ತು ನಾಳೆಗೆ ಹೋಗುತ್ತದೆ. ಕಪ್ಪೆ ಮೌಂಟ್ ರಶ್‌ಮೋರಿನತ್ತ ಹೊರಳುತ್ತದೆ.

ಗಟ್‌ಜನ್ ಬೋರ್ಗ್‌ಲಂ ಎಂಬ ಶಿಲ್ಪಿಯ ಮುಂದಾಳತ್ವದಲ್ಲಿ 1927ರಿಂದ 1941ರವರೆಗೆ ಬಂಡೆಯಲ್ಲಿ ಕೊರೆದ ನಾಲ್ವರು ಅಧ್ಯಕ್ಷರ ಮುಖಗಳು ಒಂದೊಂದೂ ಸುಮಾರು 60 ಅಡಿ ಎತ್ತರವಿದ್ದು, ಅವುಗಳನ್ನು ಕಂಡಾಗ ಅಮೆರಿಕನ್ನರಿಗೆ ದೇಶಭಕ್ತಿ ಉಕ್ಕುವುದು ಸಹಜ. ಯಜಮಾನರಿಗೆ ಅಲ್ಲಿ ಉಕ್ಕುವುದು ಬೇರೆಯೇ. ಅರವತ್ತೆರಡು ದಾಟಿದವರಿಗೆ ಅಮೆರಿಕ ಸರ್ಕಾರ ರಾಷ್ಟ್ರೀಯ ಉದ್ಯಾನಗಳ ಆಜೀವ ಪ್ರವೇಶಪತ್ರವೊಂದನ್ನು ಕೊಡುತ್ತದೆ. 2017ರ ಆಗಸ್ಟಿನಲ್ಲಿ ಅದರ ಬೆಲೆ 10 ಡಾಲರಿನಿಂದ 80 ಡಾಲರಿಗೆ ಜಿಗಿಯಿತು, ಯಜಮಾನರು ಅದನ್ನು ಜಿಗಿತಕ್ಕೆ ಮೂರು ವಾರ ಮುಂಚೆ ಕೊಂಡಿದ್ದಾರೆ, ಮತ್ತು ಇದು ಅವರ ಬದುಕಿನ ಅತ್ಯುತ್ತಮ ಹೂಡಿಕೆಯೆಂದು ಅವರ ಪರಿಚಯದ ಪ್ರತಿಯೊಬ್ಬರಿಗೂ ಗೊತ್ತಿದೆ. ಮೌಂಟ್ ರಶ್‌ಮೋರಿನಲ್ಲಿ ಪ್ರವೇಶ ಶುಲ್ಕ ಇಲ್ಲವೇ ಇಲ್ಲ. ಇರುವುದು ಕಾರು ನಿಲ್ಲಿಸುವ ಶುಲ್ಕ, ಅದಕ್ಕೆ ಈ ಪತ್ರ ಸಲ್ಲುವುದಿಲ್ಲ. 10 ಡಾಲರಿನ ಆ ಶುಲ್ಕದಲ್ಲಿ ಹಿರಿಯರಿಗೆ ಅರ್ಧ ಮಾಫಿ ಇದ್ದರೂ, ಉಳಿದ 5 ಡಾಲರ್ ಅವರ ಎದೆಯ ಮೇಲೆ ಕೂರುತ್ತದೆ. ನೋಡುವುದು ಬಿಟ್ಟಿ, ನೋಡಲು ನಿಲ್ಲುವುದಕ್ಕೆ ಕಾಸು ಎಂಬ ಈ ತತ್ತ್ವವನ್ನು ಅವರು ಶುಲ್ಕದ ಗೂಡಿನ ಹುಡುಗಿಯ ಮುಂದೆ, ಮೆಟ್ಟಿಲಿನ ಮೇಲೆ, ಐಸ್‌ಕ್ರೀಮಿನ ಸಾಲಿನಲ್ಲಿ ಮೂರು ಬಾರಿ ಖಂಡಿಸುತ್ತಾರೆ. ಲಿಂಕನ್ ಅವರ ಮುಖದತ್ತ ಯಜಮಾನಿತಿಯೊಬ್ಬರೇ ನೋಡುತ್ತಾರೆ.

ಆ ಬೆಟ್ಟಗಳಲ್ಲಿ ಮನೆಯನ್ನು ಹೊತ್ತು ತಿರುಗುವ ವಿದ್ಯೆಗೆ ಇನ್ನೂ ಹಳೆಯ ಪಾರಂಗತರಿದ್ದರು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ಬ್ಲ್ಯಾಕ್ ಹಿಲ್ಸನ್ನು 'ಪಾಹಾ ಸಾಪಾ' ಎಂದು ಕರೆದು ಪವಿತ್ರವೆಂದು ಭಾವಿಸುವ ಲಕೋಟಾ ಜನರು ತಮ್ಮ ಚರ್ಮದ ಗುಡಾರಗಳನ್ನು ಬಿಚ್ಚಿ, ಗಳುಗಳನ್ನು ಕುದುರೆಯ ಬೆನ್ನಿಗೆ ಕಟ್ಟಿ ಎಳೆಸುತ್ತ ಕಾಡೆಮ್ಮೆಗಳ ಹಿಂದೆ ಅಲೆದವರು. 1868ರ ಒಪ್ಪಂದ ಆ ಬೆಟ್ಟಗಳನ್ನು ಅವರಿಗೆ ಬಿಟ್ಟುಕೊಟ್ಟಿತ್ತು. 1874ರಲ್ಲಿ ಕಸ್ಟರ್ ಎಂಬ ಸೇನಾಧಿಕಾರಿಯ ತಂಡ ಅಲ್ಲಿ ಚಿನ್ನ ಕಂಡಿತು, 1877ರಲ್ಲಿ ಬೆಟ್ಟಗಳು ಸರ್ಕಾರದ ವಶವಾದವು, ಅಲೆಯುತ್ತಿದ್ದವರನ್ನು ಒಂದೆಡೆ ಕೂರಿಸಲಾಯಿತು. 1980ರಲ್ಲಿ ಸುಪ್ರೀಂ ಕೋರ್ಟು ಪರಿಹಾರ ಕೊಡಬೇಕೆಂದು ಎತ್ತಿಹಿಡಿದ ಹತ್ತು ಕೋಟಿಗೂ ಮೀರಿದ ಡಾಲರುಗಳನ್ನು ಲಕೋಟಾ ಜನ ಈವರೆಗೂ ಮುಟ್ಟಿಲ್ಲ, ಅವರಿಗೆ ಬೇಕಾದದ್ದು ಬೆಟ್ಟ. ಯಜಮಾನರು ತಂಗಿರುವ ಊರಿಗೆ ಆ ಸೇನಾಧಿಕಾರಿಯದೇ ಹೆಸರು.

ಸುರಂಗದ ಕಾರ್ಯಕ್ರಮಕ್ಕೆ ಪೀಠಿಕೆ ಬೇಕು. ರಾಜ್ಯಪಾಲರಾಗಿ, ಆಮೇಲೆ ಸೆನೆಟರ್ ಆಗಿದ್ದ ಪೀಟರ್ ನಾರ್ಬೆಕ್ ಅವರು ಕಾಲ್ನಡಿಗೆಯಲ್ಲಿಯೂ ಕುದುರೆಯ ಮೇಲೂ ಅಲೆದು ಗುರುತು ಹಾಕಿದ, 1922ರಲ್ಲಿ ಮುಗಿದ ನೀಡಲ್ಸ್ ಹೈವೇ ಎಂಬ ರಸ್ತೆ ಸೂಜಿಗಳಂಥ ಗ್ರಾನೈಟ್ ಕಂಬಗಳ ನಡುವೆ ಸುತ್ತಿ ಸುಳಿದು, ಬಂಡೆ ಕೊರೆದ ಸುರಂಗವೊಂದರಲ್ಲಿ ನುಸುಳುತ್ತದೆ. ಸುರಂಗದ ಅಗಲ ಸುಮಾರು 8 ಅಡಿ, ಬಸ್ಸಿನ ಅಗಲ ಎಂಟೂವರೆ. ಈ ಅರ್ಧ ಅಡಿಯ ವ್ಯತ್ಯಾಸವೇ ಕಪ್ಪೆ ಎಂಬ ಸಂಸ್ಥೆಗೆ ಅತ್ಯಂತ ಗಟ್ಟಿಯಾದ ಸಮರ್ಥನೆ. ಯಜಮಾನರು ಕನ್ನಡಿಗಳನ್ನು ಮಡಚಿ, ಉಸಿರು ಬಿಗಿಹಿಡಿದು, ಅಷ್ಟೇನೂ ಅಗಲವಲ್ಲದ ಕಾರನ್ನು ಆಚೆಗೆ ದಾಟಿಸಿ, ಅಲ್ಲಿ ಮೊದಲೇ ನೆರೆದಿರುವ ಪ್ರೇಕ್ಷಕರ ಜೊತೆ ತಾವೂ ನಿಂತು ಮುಂದಿನ ಕಾರುಗಳ ಪಾಡನ್ನು ನೋಡುತ್ತಾರೆ. ಮುಕ್ಕಾಲು ಗಂಟೆ ಹೀಗೆ ಕಳೆಯುತ್ತದೆ. ಬೇರೆಯವರ ವಾಹನ ಇಕ್ಕಟ್ಟಿನಲ್ಲಿ ಸಿಕ್ಕುವುದನ್ನು ನೋಡುವುದು ಈ ವರ್ಗದ ಪ್ರಧಾನ ಮನರಂಜನೆ; ತಂಗುದಾಣದಲ್ಲೂ ಹೊಸ ಬಸ್ಸೊಂದು ಸೈಟಿಗೆ ಹಿಮ್ಮುಖವಾಗಿ ಬರುವಾಗ, ಹೆಂಡತಿ ಹಿಂದೆ ನಿಂತು ಕೈಸನ್ನೆ ಮಾಡುತ್ತ ಗಂಡ ಅದನ್ನು ಕಾಣದೆ ಕೂಗಾಡುವಾಗ, ಅಕ್ಕಪಕ್ಕದ ಕುರ್ಚಿಗಳೆಲ್ಲ ತಮ್ಮಷ್ಟಕ್ಕೆ ತಾವೇ ಆ ಕಡೆ ತಿರುಗುತ್ತವೆ.

ಕಸ್ಟರ್ ಸ್ಟೇಟ್ ಪಾರ್ಕಿನ ಕತ್ತೆಗಳ ಪರಿಚಯ ಇನ್ನೂ ರಂಜಕ. ಹಿಂದೆ ಆ ಸೀಮೆಯ ಅತಿ ಎತ್ತರದ ಶಿಖರಕ್ಕೆ ಪ್ರವಾಸಿಗರನ್ನು ಹೊತ್ತೊಯ್ಯುತ್ತಿದ್ದ ಕತ್ತೆಗಳನ್ನು, ಆ ಸವಾರಿ ನಿಂತ ಮೇಲೆ, ಪಾರ್ಕಿನಲ್ಲಿ ಬಿಟ್ಟುಬಿಟ್ಟರು; ಅವುಗಳ ಸಂತತಿ ಈಗ ರಸ್ತೆಗೆ ಅಡ್ಡ ನಿಂತು, ಕಾರಿನ ಕಿಟಕಿಯೊಳಗೆ ಮೂತಿ ತೂರಿಸಿ ತಿಂಡಿ ಕೇಳುವುದರಿಂದ ಅವಕ್ಕೆ 'ಬೇಡುವ ಕತ್ತೆ'ಗಳೆಂದೇ ಹೆಸರು. ಹೊರೆ ಹೊರುವ ಉದ್ಯೋಗದಿಂದ ನಿವೃತ್ತಿ, ಸರ್ಕಾರಿ ಜಾಗದಲ್ಲಿ ವಾಸ, ದಾರಿಹೋಕರೊಂದಿಗೆ ಸ್ನೇಹ, ಯಾವ ಅವಸರವೂ ಇಲ್ಲದ ದಿನಚರಿ. ಕತ್ತೆ ಕಿಟಕಿಯಲ್ಲಿ ತಲೆಯಿಟ್ಟಾಗ ಒಳಗಿನವರೂ ಹೊರಗಿನವರೂ ಒಬ್ಬರನ್ನೊಬ್ಬರು ಗುರುತು ಹಿಡಿದವರಂತೆ ನೋಡುತ್ತಾರೆ. ಕ್ಯಾರೆಟ್ಟಿನ ಚೀಲವನ್ನು ಯಜಮಾನಿತಿ ಮೊದಲೇ ಮಡಿಲಲ್ಲಿ ಇಟ್ಟುಕೊಂಡಿರುತ್ತಾರೆ.

ಅಲ್ಲಿಂದ ಊರಿಗೆ ಬಂದರೆ, ಎತ್ತಿನ ಗಾಡಿಗಳ ಸಾಲು ಸಲೀಸಾಗಿ ತಿರುಗಲೆಂದೇ ಅಗಲವಾಗಿ ಬಿಟ್ಟದ್ದೆಂದು ಹೇಳುವ ಮುಖ್ಯರಸ್ತೆಯಲ್ಲಿ ಮೊದಲು ಪೈ, ಅಂದರೆ ಹಣ್ಣಿನ ಹೂರಣವಿಟ್ಟು ಬೇಯಿಸಿದ ಕಡುಬು, ಆಮೇಲೆ ಹಾರ್ಡ್‌ವೇರ್ ಅಂಗಡಿ. ಅಂಗಡಿಗೆ ಹೋಗುವುದು ಒಂದು ರಬ್ಬರ್ ವಾಷರಿಗಾಗಿ. ಹೊರಬರುವುದು ವಾಷರ್, ಎರಡು ಬಗೆಯ ಅಂಟು, ಹಗ್ಗ, ಮಡಚುವ ಏಣಿ ಮತ್ತು ಅಂಗಡಿಯವರ ಇಡೀ ವಂಶದ ಚರಿತ್ರೆಯೊಂದಿಗೆ. ಇದಕ್ಕೆ ಹಿಡಿಯುವ ಸಮಯ ಅಧ್ಯಕ್ಷರ ನಾಲ್ಕು ಮುಖಗಳಿಗೆ ಕೊಟ್ಟ ಸಮಯದ ಎರಡರಷ್ಟು, ಮತ್ತು ರಾತ್ರಿ ಮಗಳಿಗೆ ಫೋನಿನಲ್ಲಿ ವರ್ಣಿಸಿ ಹೇಳುವುದೂ ಇದನ್ನೇ.

ಸಂಜೆ ತಂಗುದಾಣದ ಕುರ್ಚಿಗಳು ಅರ್ಧಚಂದ್ರಾಕಾರಕ್ಕೆ ಬಂದಾಗ ಎಲ್ಲರೂ ಎಲ್ಲರನ್ನೂ ಕೇಳುವ ಮೊದಲ ಪ್ರಶ್ನೆ, ಕನ್ನಡನಾಡಿನ ರೈಲು ಡಬ್ಬಿಗಳಲ್ಲಿ ಕೇಳುವಂಥದೇ: ಯಾವ ಊರಿನವರು? ಉತ್ತರವಾಗಿ ಎಲ್ಲರೂ ಹೆಬ್ಬೆರಳಿನಿಂದ ಬೆನ್ನ ಹಿಂದಿನ ಬಸ್ಸನ್ನು ತೋರಿಸಿ ನಗುತ್ತಾರೆ. ಬೇಸಿಗೆಯ ದಿನಗಳಾದ್ದರಿಂದ ಪಕ್ಕದ ಸೈಟಿನಲ್ಲಿ ಬಾಡಿಗೆಯ ಆರ್‌ವಿ ಹಿಡಿದ ಕನ್ನಡದ ಕುಟುಂಬವೊಂದು ಇರುವುದೂ ಉಂಟು. ಸಾಫ್ಟ್‌ವೇರಿನ ಮಗ, ಸೊಸೆ, ಮತ್ತು ಆರು ತಿಂಗಳ ಮಟ್ಟಿಗೆ ಊರಿನಿಂದ ಬಂದ ತಂದೆತಾಯಿ. ತಾಯಿ ಸಾರಿಗೆ ಇಂಗು-ಸಾಸಿವೆಯ ಒಗ್ಗರಣೆ ಕೊಟ್ಟ ಮರುಕ್ಷಣವೇ ತಲೆಯ ಮೇಲಿನ ಹೊಗೆಯ ಗಂಟೆ ಕಿರುಚಿಕೊಳ್ಳುತ್ತದೆ, ಯಜಮಾನರು ಕರೆಯದಿದ್ದರೂ ಟವೆಲ್ ಬೀಸುತ್ತ ಓಡಿಬಂದು ಗಂಟೆಯನ್ನು ಸುಮ್ಮನಾಗಿಸಿ, ಬಂದವರು ಹಾಗೆಯೇ ಕುಳಿತು, ಮನೆ ಮಾರಿದ್ದು, ಏಳು ವರ್ಷದಿಂದ ರಸ್ತೆಯಲ್ಲಿರುವುದು, ಪ್ರವೇಶಪತ್ರವನ್ನು 10 ಡಾಲರಿಗೆ ಕೊಂಡದ್ದು ಎಲ್ಲವನ್ನೂ ಸವಿಸ್ತಾರವಾಗಿ ತಿಳಿಸುತ್ತಾರೆ. ಮಗ ಅನುವಾದಿಸಿ ಮುಗಿಸಿದಾಗ ತಾಯಿ, ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸುತ್ತ, "ಪಾಪ ಕಣೋ, ಇವರಿಗೆ ಮನೆಮಠ ಏನೂ ಇಲ್ವೇನೋ? ಮಕ್ಕಳಾದ್ರೂ ಕರ್ಕೊಂಡು ಹೋಗಿ ಇಟ್ಕೋಬಾರ್ದಾ?" ಎನ್ನುತ್ತಾರೆ. ಈ ಮಾತನ್ನು ಮಗ ಅನುವಾದಿಸುವುದಿಲ್ಲ.

ಸಾರಿನಿಂದ ತೃಪ್ತರಾದ ಯಜಮಾನರು ಕತ್ತಲಾಗುವ ಮುನ್ನ ತಂಗುದಾಣದ ಕಚೇರಿಗೆ ನಡೆದುಹೋಗಿ ಇನ್ನೊಂದು ವಾರ ಇರುವುದಾಗಿ ಹೇಳುತ್ತಾರೆ, ಏಕೆಂದರೆ ಲೈಸೆನ್ಸಿನ ಕೆಲಸ ಹಾಗೆಯೇ ಉಳಿದಿದೆ. ಅವರಿರುವ 14ನೆಯ ಸೈಟನ್ನು ಶನಿವಾರದಿಂದ ಬೇರೆಯವರು ಕಾದಿರಿಸಿದ್ದಾರೆಂದೂ 31ನೆಯದು ಖಾಲಿಯಿದೆಯೆಂದೂ ಅಲ್ಲಿ ತಿಳಿಯುತ್ತದೆ. ಹಾಗಾಗಿ ಶನಿವಾರ ಬೆಳಗ್ಗೆ ತೊಟ್ಟಿಗಳನ್ನು ಬರಿದು ಮಾಡಿ, ಸುರುಳಿ ಮಡಚಿ, ಗೋಡೆಗಳನ್ನು ಒಳಸರಿಸಿ, ಬೀರುಗಳನ್ನು ಬಿಗಿದು, ನಾಯಿಯನ್ನು ಸೀಟಿಗೆ ಕಟ್ಟಿ, ಹೊರಟು, ಯಜಮಾನಿತಿಯ ಕೈಸನ್ನೆಯಂತೆ ಹಿಮ್ಮುಖವಾಗಿ ನಿಲ್ಲಿಸಿ, ರಸಮಟ್ಟ ನೋಡಿ, ಎಲ್ಲವನ್ನೂ ಮತ್ತೆ ಬಿಚ್ಚುವ ಹೊತ್ತಿಗೆ ಮಧ್ಯಾಹ್ನವಾಗುತ್ತದೆ. ಎರಡು ಸೈಟುಗಳ ನಡುವಿನ ದೂರ 200 ಅಡಿ.